ಒಗ್ಗರಣೆ ಹಾಕದ ಮಧ್ಯಾಹ್ನ

ನಮ್ಮವರ ಕಣ್ಣು ಎರಡೂ ಪಕ್ಕದಿಂದ ಮುಚ್ಚಿಕೊಳ್ಳುತ್ತಾ ಬರುತ್ತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ. ಕೋವಿಡ್ ಇಳಿದು ಆಫೀಸಿಗೆ ಮತ್ತೆ ಕರೆಯುವ ಹೊತ್ತಿಗೆ ಡಾಕ್ಟರು ಡ್ರೈವಿಂಗ್ ನಿಲ್ಲಿಸಿ ಅಂದಿದ್ದರು. ಮೆಟ್ರೋ ಸ್ಟೇಷನ್ನಿಗೆ ಬಿಟ್ಟು ಬರುವುದು ನನ್ನ ಕೆಲಸವಾಯಿತು. ಅವರು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುವರು. ಒಂದು ಬೆಳಿಗ್ಗೆ ಹಾಗೇ ಒತ್ತುತ್ತಾ, "ಕಣ್ಣು ಪೂರ್ತಿ ಹೋಗೋದ್ರೊಳಗೆ ಹಿಮಸಾರಂಗದ ದೊಡ್ಡ ಹಿಂಡು ಒಂದ್ಸಲ ನೋಡ್ಬೇಕು ಕಣೇ," ಅಂದರು.

ಅವನ್ನು ನೋಡೋಕೆ ಅಲಾಸ್ಕಾಕ್ಕೆ ಹೊರಟಿದ್ದೇವೆ ಅಂದಾಗ, ನಮ್ಮೂರು ಫೇರ್‌ಫ್ಯಾಕ್ಸಿನಲ್ಲಿ ನಮ್ಮ ಬೀದಿಯ ಗೆಳತಿ ನಕ್ಕಳು. "ಅದಕ್ಕೆ ಅಲಾಸ್ಕಾ ಯಾಕ್ರೀ? ನಮ್ಮ ಬ್ಯಾಕ್‌ಯಾರ್ಡಿಗೆ ಬನ್ನಿ. ಜಿಂಕೆಗಳು ನನ್ನ ಅವರೆ ಬಳ್ಳಿ ಬುಡಸಮೇತ ಮೇಯ್ದಿವೆ. ಬೇಕಿದ್ರೆ ಹೊಡ್ಕೊಂಡು ಹೋಗಿ."

ಆಗಸ್ಟ್ ಕೊನೆಗೆ ಪುಟ್ಟ ವಿಮಾನವೊಂದು ನಮ್ಮನ್ನು ಅಲಾಸ್ಕಾದ ಉತ್ತರದಲ್ಲಿ ಇಳಿಸಿ ಹೋಯಿತು. ಹೊಳೆಯ ದಡದಲ್ಲೊಂದು ಮರದ ಕ್ಯಾಬಿನ್. ಅದನ್ನು ನೋಡಿಕೊಳ್ಳುವವಳು ಆ ಸೀಮೆಯವಳೇ. ಮೊದಲೇ ಹೇಳಿಬಿಟ್ಟಳು: "ಹಿಂಡು ಇಲ್ಲೇ ದಾಟುತ್ತೆ. ಮುಂದಿನವು ನೀರಿಗೆ ಇಳಿಯೋವರೆಗೆ ಸದ್ದು ಬೇಡ, ವಾಸನೆ ಬೇಡ. ಅವು ಬೆದರಿದ್ರೆ ಹಿಂದಿನವೆಲ್ಲ ತಿರುಗಿಬಿಡ್ತವೆ."

ದಿನಗಳು ಕಳೆದರೂ ಹಿಂಡು ಬರಲೇ ಇಲ್ಲ. ನಮ್ಮವರು ಬಾಗಿಲಿಂದ ನೀರಿಗೆ, ನೀರಿಂದ ಬಾಗಿಲಿಗೆ ಹುಲ್ಲಿನ ಗಂಟು ಎಡವಿಕೊಂಡು ಓಡಾಡುವರು. "ಅಲ್ಲೇನೋ ಅಲ್ಲಾಡ್ತು."

"ಪೊದೆ."

"ಅದಲ್ಲ, ಅದರಾಚೆ."

"ಅದೂ ಪೊದೆನೇ ರೀ."

ನಾನೇನು ಕಮ್ಮಿ? ತೊಳೆದ ಲೋಟವನ್ನೇ ತೊಳೆಯುತ್ತಿದ್ದೆ.

ಬೆಳಗಾದರೆ ವಿಮಾನ ಬರುತ್ತದೆ ಅನ್ನುವ ದಿನ ಮಧ್ಯಾಹ್ನ ಅವರು ಡಬ್ಬಿಯ ಬೀನ್ಸ್ ಪಕ್ಕಕ್ಕೆ ತಳ್ಳಿದರು. "ನಾಲಿಗೆ ಸತ್ತೋಯ್ತು. ಒಂದು ಚಿತ್ರಾನ್ನಕ್ಕೂ ಗತಿ ಇಲ್ವಾ?" ಅಂತ ಎದ್ದು ಹೋದರು. ಒಗ್ಗರಣೆ ಹಾಕಬಹುದಾ ಅಂತ ಕ್ಯಾಬಿನ್ನಿನವಳನ್ನು ಕೇಳಿದೆ. ಒದ್ದೆ ಬೆರಳು ಗಾಳಿಗೆ ಹಿಡಿದು, "ಹೊಳೆ ಕಡೆಗೇ ಬೀಸ್ತಿದೆ. ಆದ್ರೆ ಏನೂ ಬರೋ ಹಾಗೆ ಕಾಣಿಸ್ತಿಲ್ಲ. ನಿಮ್ಮಿಷ್ಟ," ಅಂದಳು.

ಎಣ್ಣೆ ಕಾದಿತ್ತು. ಅಂಗೈಯಲ್ಲಿ ಸಾಸಿವೆ, ಇಂಗು. ಕಿಟಕಿಯಾಚೆ, ಎದುರು ದಡದ ಇಳಿಜಾರು ಜರುಗುತ್ತಿದ್ದ ಹಾಗೆ ಕಂಡಿತು. ಸ್ಟೌ ಆರಿಸಿ, ತಟ್ಟೆ ಮುಚ್ಚಿ ಹೊರಗೆ ಬಂದೆ. ನಮ್ಮವರು ಹೊಳೆಯ ಮೇಲ್ಗಡೆಗೆ ಮುಖ ಮಾಡಿ ನಿಂತಿದ್ದಾರೆ. ಕೂಗುವ ಹಾಗಿಲ್ಲ. ಹಿಂದಿನಿಂದ ಹೋಗಿ ಎರಡೂ ಕೆನ್ನೆ ಹಿಡಿದು ಮುಖ ತಿರುಗಿಸಿದೆ.

"ಏನೇ ಇದು?"

"ಮೆಲ್ಲಗೆ. ಮೂಗಿನ ನೇರಕ್ಕೆ ನೋಡಿ."

ಕಣ್ಣು ಕಿರಿದು ಮಾಡಿದರು. "ಒಂದಿದೆ. ಒಂದೇನಾ?" ದನಿ ಬಿದ್ದುಹೋಗಿತ್ತು.

ಗುಡ್ಡ ತುಂಬ ಇದ್ದವು. ಕೂದಲೆಳೆಯಷ್ಟು ತಿರುಗಿಸಿದೆ. "ಈಗ?"

"ಇನ್ನೊಂದು. ಪಕ್ಕದಲ್ಲಿ ಮರಿ."

ಎಲ್ಲಕ್ಕಿಂತ ಮುಂದಿದ್ದದ್ದು ನೀರಿನ ಅಂಚಿಗೆ ಬಂದು ಮೂಗೆತ್ತಿ ನಿಂತಿತು. ನನ್ನ ಕೈಯೆಲ್ಲ ಸಾಸಿವೆ, ಇಂಗಿನ ವಾಸನೆ. ನಮ್ಮವರು ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಅದು ಇಳಿಯಿತು. ಹಿಂದಿನವೂ ಇಳಿದವು. ನೀರಿನ ಮೇಲೆ ತಲೆ, ಕೊಂಬು, ಮತ್ತೆ ಕೊಂಬು.

"ಇನ್ನೂ ಇದ್ಯಾ?"

"ಇದೆ."

"ತಿರುಗಿಸು."

ಎಡದಿಂದ ಬಲಕ್ಕೆ ತಿರುಗಿಸುತ್ತಾ ಹೋದೆ. ಒಂದೊಂದರ ಮೇಲೂ ನಿಲ್ಲಿಸಬೇಕು, ಬೇಗ ಹೋದರೆ ಗದರುವರು. ತೋಳು ಸೋತಿತು. ಗುಡ್ಡದ ಕೊನೆಗೆ ಬಂದಾಗ ಕೈ ಬಿಟ್ಟೆ. ಅವರ ಕೆನ್ನೆಗೆ ನಾಲ್ಕು ಕಾಳು ಸಾಸಿವೆ ಅಂಟಿತ್ತು. ಕ್ಯಾಬಿನ್ನಿನವಳು ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿ ನಗುತ್ತಿದ್ದಳು.

ನಮ್ಮವರು ನನ್ನ ಎರಡೂ ಕೈ ಹುಡುಕಿ ಹಿಡಿದು ತಾವೇ ಕೆನ್ನೆಗೆ ಇಟ್ಟುಕೊಂಡರು.

"ಮೊದಲಿಂದ ಇನ್ನೊಂದ್ಸಲ ತೋರ್ಸು."