ಟವೆಲ್ಲಿನ ಕೆಳಗೆ ಒಂದು ಬೆರಳು

ಆಟದಲ್ಲಿ ನಾನು ಯಾರಿಗೂ ಬಿಟ್ಟುಕೊಡುವವಳಲ್ಲ. ಮೈಸೂರಿನಲ್ಲಿ ಹುಡುಗಿಯಾಗಿದ್ದಾಗ ಚೌಕಾಬಾರದಲ್ಲಿ ಸೋತೆನೆಂದು ಕವಡೆಗಳನ್ನೆಲ್ಲ ಬಾವಿಗೆ ಎಸೆದಿದ್ದೆ. ಮದುವೆಯಾಗಿ ಪುಣೆಗೆ ಬಂದು ಹನ್ನೊಂದು ವರ್ಷವಾಯಿತು. ಹುಟ್ಟುಗುಣ ಸುಟ್ಟರೂ ಹೋಗಲಿಲ್ಲ.

ಸದಾಶಿವ ಪೇಠೆಯ ನಮ್ಮ ಸಣ್ಣ ಫ್ಲ್ಯಾಟಿಗೆ ಆ ಆಟ ತಂದವಳು ಒಂಬತ್ತು ವರ್ಷದ ಮಗಳು. ಕೋಟೆಯ ಚಿತ್ರವಿರುವ ಹಲಗೆ, ನಾಲ್ಕು ಚೀಟಿ: ಒಬ್ಬ ರಾಜ, ಇಬ್ಬರು ಸಿಪಾಯಿ, ಒಬ್ಬ ಕಳ್ಳ. ರಾಜ ತನ್ನ ಚೀಟಿ ತೋರಿಸಬೇಕು. ಉಳಿದವರು ಮುಚ್ಚಿಟ್ಟುಕೊಂಡು, ದಾಳ ಹಾಕುತ್ತ ಕೋಟೆಯ ಬಾಗಿಲ ಕಡೆ ಕಾಯಿ ನಡೆಸಬೇಕು. ರಾಜ ಪ್ರತಿಯೊಬ್ಬರನ್ನೂ ಯಾರೆಂದು ಕೇಳುತ್ತಾನೆ. ಎಲ್ಲರೂ ಸಿಪಾಯಿ ಎನ್ನುತ್ತಾರೆ. ಯಾರಾದರೂ ಬಾಗಿಲು ದಾಟುವ ಮೊದಲು ರಾಜ ಕಳ್ಳ ಯಾರೆಂದು ಹೇಳಬೇಕು. ಒಂದೇ ಅವಕಾಶ. ತಪ್ಪಿದರೆ ಗೆಲುವು ಕಳ್ಳನದು.

ನಾನು, ಗಂಡ, ಮಗಳು, ಮಾವ ಆಡುತ್ತಿದ್ದೆವು. ಮಾವ ಕಲಬುರಗಿ ಕಡೆಯವರು, ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಮೂವತ್ತು ವರ್ಷ ವ್ಯಾಪಾರ ನೋಡಿಕೊಂಡವರು. ಅವರ ಬಾಯಲ್ಲಿ ಸುಳ್ಳು ಹೊರಡುವುದೇ ಇಲ್ಲ. ಕಳ್ಳನ ಚೀಟಿ ಬಂದಾಗ ಯಾರು ನೀವು ಎಂದರೆ ಕಿವಿ ಕೆಂಪಗಾಗಿ, "ಅದನ್ನ ಹೆಂಗ ಹೇಳ್ಲಿವಾ?" ಅನ್ನುತ್ತಿದ್ದರು. ಅಲ್ಲಿಗೆ ಆಟ ಮುಗಿಯಿತು.

ಒಂದು ಭಾನುವಾರ ಮಧ್ಯಾಹ್ನ ಮಗಳು ಹೇಳಿಯೇಬಿಟ್ಟಳು. "ಅಜ್ಜಾ, ನಿಮಗ ಸುಳ್ಳ ಹೇಳಾಕ ಬರಂಗಿಲ್ಲ. ನೀವು ಅಂಪೈರ್ ಆಗ್ರಿ. ಐದಕ್ಕ ನನ್ನ ಗೆಳತಿ ಬರ್ತಾಳ, ನಿಮ್ಮ ಜಾಗಕ್ಕ ಆಕಿ ಕೂಡ್ತಾಳ."

ಮಾವನ ಮುಖ ಸಣ್ಣದಾಯಿತು. ಇಡೀ ವಾರ ಅವರು ಕಾಯುತ್ತಿದ್ದದ್ದು ಭಾನುವಾರ ಊಟವಾದ ಮೇಲಿನ ಈ ಆಟವೊಂದಕ್ಕೇ. ನನಗೆ ಮಗಳ ಮೇಲೆ ಸಿಟ್ಟು ಬಂತು, ಆದರೆ ಬೈಯುವ ಮೊದಲೇ ಅವರು ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಹರಡಿದರು.

"ಐದರ ತನಕ ಆಡ್ತೀನಿ. ಒಮ್ಮಿ ಸಿಕ್ಕಬಿದ್ದರೂ ಆಕಿನ್ನ ಕೂಡಸು. ಆದರ ನಾ ಬಾಯಿಲೆ ಹೇಳಂಗಿಲ್ಲ, ಟವೆಲ್ ಬುಡಕ ಬೆರಳಲೆ ಹೇಳ್ತೀನಿ. ರಾಜನ ಒಂದು ಬೆರಳು ಹಿಡದರ ಸಿಪಾಯಿ, ಎರಡು ಹಿಡದರ ಕಳ್ಳ."

ಹಿಂದೆ ಯಾರ್ಡಿನಲ್ಲಿ ಬೆಲ್ಲದ ಧಾರಣೆ ಕುದುರಿಸುತ್ತಿದ್ದದ್ದು ಹಾಗೆಯೇ ಅಂತೆ. ಸುತ್ತ ನಿಂತವರಿಗೆ ತಿಳಿಯದ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು, ಮೇಲೆ ಮುಖ ಕಲ್ಲಿನ ಹಾಗೆ ಇಡುವುದು. ಮಗಳು ಯೋಚಿಸಿ ಒಪ್ಪಿದಳು.

ಎರಡು ಆಟ ಹೇಗೋ ದಾಟಿದವು. ಕಳ್ಳನ ಚೀಟಿ ಅವರಿಗೆ ಬರಲಿಲ್ಲ. ಮೂರನೆಯದಕ್ಕೆ ನಾನು ರಾಜ. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ದಾಳ ಉರುಳಿದ್ದೇ ಉರುಳಿದ್ದು, ಮೂರು ಕಾಯಿಗಳೂ ಬಾಗಿಲ ಹತ್ತಿರ ಬಂದವು. ಮಗಳನ್ನು ಕೇಳಿದೆ, ಕಣ್ಣು ಮಿಟುಕಿಸದೆ "ಸಿಪಾಯಿ" ಅಂದಳು. ಗಂಡನೂ "ಸಿಪಾಯಿ" ಅಂದ, ಆದರೆ ನಗು ತಡೆಯಲಾರದೆ ಕುತ್ತಿಗೆ ಕೆರೆದುಕೊಂಡ.

ಆಮೇಲೆ ಮಾವನ ಟವೆಲ್ಲಿನ ಕೆಳಗೆ ಕೈ ಇಟ್ಟೆ. ಹನ್ನೊಂದು ವರ್ಷದಲ್ಲಿ ಹಬ್ಬಕ್ಕೊಮ್ಮೆ ಅವರ ಕಾಲು ಮುಟ್ಟಿದ್ದೆ, ಕೈ ಹಿಡಿದಿರಲಿಲ್ಲ. ಒರಟು ಅಂಗೈ, ಬೆಚ್ಚಗಿತ್ತು. ನನ್ನ ಒಂದೇ ಬೆರಳನ್ನು ಗಟ್ಟಿಯಾಗಿ ಹಿಡಿದು ಬಿಟ್ಟರು. ಮುಖ ನೋಡಿದೆ. ಕಿವಿ ಕೆಂಪಗಾಗಿರಲಿಲ್ಲ. ಕಣ್ಣು ಕಿಟಕಿಯಾಚೆ, ಸ್ಕೂಟರ್ ತಿರುಗಿಸುತ್ತಿದ್ದ ಯಾರನ್ನೋ ನೋಡುತ್ತಿತ್ತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡು ಗಂಡನ ಕಡೆ ಬೆರಳು ತೋರಿಸಿದೆ. ಅವನು ಚೀಟಿ ತಿರುಗಿಸಿದ. ಸಿಪಾಯಿ.

ಮಾವ ನಿಧಾನವಾಗಿ ತಮ್ಮ ಚೀಟಿ ಮಧ್ಯಕ್ಕಿಟ್ಟರು. ಕಳ್ಳ. ಮಗಳು ಹಾರಿ ಹಲಗೆಯ ಮೇಲೇ ಬಿದ್ದಳು, ಕಾಯಿಗಳೆಲ್ಲ ಮಂಚದ ಕೆಳಗೆ ಹೋದವು.

"ಬೆರಳಲೆ ಹೇಳಿದರೂ ಸುಳ್ಳೇ ಅಲ್ಲೇನ್ರಿ ಅಜ್ಜಾ?"

"ಅದು ಸುಳ್ಳಲ್ಲವಾ, ವ್ಯಾಪಾರ."

ಎಲ್ಲರೂ ನಗುತ್ತಿದ್ದಾಗ ಅವರು ಟವೆಲ್ ಮಡಿಸಿದರು. ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು: "ಯವ್ವಾ, ಬೇಕಂತ ಸೋತಿ ಏನು? ಮುದುಕ ಪಾಪ ಅಂತ?"

"ಇಲ್ಲ ಮಾವ, ನಿಮ್ಮಾಣೆ, ಗೊತ್ತೇ ಆಗ್ಲಿಲ್ಲ ನಂಗೆ." ಅವರಿಗೆ ನಂಬಿಕೆ ಬರಲಿಲ್ಲ. ನಿಜ ಹೇಳಿಯೂ ಸುಳ್ಳುಗಾರ್ತಿ ಅನ್ನಿಸಿಕೊಳ್ಳುವ ಪರಿಸ್ಥಿತಿ.

ಕಾಯಿ ಹೆಕ್ಕಲು ಮಂಚದ ಕೆಳಗೆ ನುಸುಳಿದ್ದ ಮಗಳ ದನಿ ಬಂತು. "ಅಮ್ಮ ಬೇಕಂತ ಸೋಲೂದಾ? ಅಜ್ಜಾ, ನನ್ನ ಬರ್ತ್‌ಡೇ ದಿನಾನೂ ಆಕಿ ನನಗ ಗೆಲ್ಲಾಕ ಬಿಡಲಿಲ್ಲ. ಕೇಕ್ ಮುಂದ ಅತ್ತೀನಿ ನಾನು."

ಮಾವ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಆ ಮಾತು ಅಕ್ಷರಶಃ ನಿಜವಾಗಿತ್ತು.

"ಹಂಗಾದರ," ಎಂದರು ಅವರು, ಟವೆಲ್ ಹೆಗಲಿಗೇರಿಸುತ್ತ, "ನಾ ಖರೇನ ಗೆದ್ದೀನಿ."