ಬಂದರಿಗೆ ಹೋದ ನಮ್ಮ ಅಕ್ಕಿ

ಮೊನ್ನೆ ರಾಯಚೂರಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಹಸಿ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು ನೋಡಿ, ನಿಂತಲ್ಲೇ ನಿಂತುಬಿಟ್ಟೆ. ನಿಮಗೆ ಅದು ಬರೀ ಮುಗ್ಗಲು. ನನಗೆ ಮಂಗಳೂರಿನ ಬಂದರು.

ವರ್ಷಗಳ ಹಿಂದಿನ ಮಾತು. ಮಾನ್ವಿಯಲ್ಲಿ ನಮ್ಮ ಕಾಕಾನ ಅಕ್ಕಿ ಗಿರಣಿ. ಲೋಡು ಹೊರಡುವ ಮುನ್ನ ಅಂಗಳದಲ್ಲಿ ಒಟ್ಟಿದ ಚೀಲಗಳ ಮೇಲೆ ಮಠದ ತೀರ್ಥ ಚಿಮುಕಿಸುವುದು ಅಲ್ಲಿಯ ಪದ್ಧತಿ. ಆ ಕೆಲಸ ನನ್ನದು. ನಮ್ಮ ಬಿಸಿಲಿಗೆ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆರುತ್ತಿತ್ತು. ಮೊದಲ ಸಲ ನಮ್ಮ ಅಕ್ಕಿ ಹಡಗು ಹತ್ತುತ್ತದೆ ಎಂದಾಗ ನನ್ನ ಭಕ್ತಿ ಉಕ್ಕಿತು. ಅಷ್ಟು ದೊಡ್ಡ ಸಮುದ್ರಕ್ಕೆ ನಾಲ್ಕು ಹನಿ ಎಲ್ಲಿ ಸಾಕಾದೀತು? ಒಂದು ಕೊಡ ನೀರಿಗೆ ತೀರ್ಥ ಬೆರೆಸಿ ಸುರಿದೆ. ಡಿಗ್ರಿ ಮುಗಿಸಿದವನು ನಾನು! ಮಧ್ಯಾಹ್ನ ಹಮಾಲರು ಚೀಲಗಳನ್ನು ಕಂಟೇನರ್ ಎಂಬ ಕಬ್ಬಿಣದ ಪೆಟ್ಟಿಗೆಗೆ ತುಂಬಿ ಬಾಗಿಲು ಹಾಕಿದರು.

ಕೆಲವು ದಿನಕ್ಕೆ ಬಂದರಿನಿಂದ ಫೋನ್. ಕಾಕಾನೂ ನಾನೂ ಮಂಗಳೂರಿಗೆ ಓಡಿದೆವು. ಬಂದರಿನ ಎದುರಿನ ಹೋಟೆಲಿನವರು, “ಇವತ್ತು ಹಡಗು ಬರ್ಲಿಲ್ಲ ಮಾರಾಯ್ರೆ, ಅನ್ನ ಕಮ್ಮಿ ಮಾಡಿದ್ದು,” ಎಂದರು. ಹಡಗು ಬಂದರೆ ಲಾರಿ, ಲಾರಿ ಬಂದರೆ ಊಟ, ಗ್ಯಾರೇಜು, ಲಾಡ್ಜು. ನಾವು ಮುಗಿಲು ನೋಡುವಂತೆ ಆ ಊರು ಸಮುದ್ರ ನೋಡುತ್ತಿತ್ತು. ಇದರ ತಲೆಬುಡ ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು.

ಪೆಟ್ಟಿಗೆ ತೆರೆದರೆ ಇದೇ ವಾಸನೆ. ಮುಗ್ಗಿದ ಅಕ್ಕಿ ಹಡಗು ಹತ್ತಲಿಲ್ಲ.

“ಸಾಬಣ್ಣ ಹಸಿ ಚೀಲ ತುಂಬ್ಯಾನ. ನಾಳಿಂದ ಅವ ಗಿರಣಿಗಿ ಬರೋದು ಬ್ಯಾಡ,” ಎಂದ ಕಾಕಾ. ಸಾಬಣ್ಣ ಅರಕೇರಾದವನು, ನಮ್ಮ ಹಮಾಲರ ಹಿರಿಯ. ಮುಗ್ಗಲು ನನ್ನ ನೀರಿನದೋ, ಸಮುದ್ರದ ಗಾಳಿಯದೋ? ತಿಳಿಯದು ಎಂದು ಸುಮ್ಮನಿದ್ದೆ. ಮಾನ್ವಿಗೆ ಮರಳಿ ಕಾಕಾ ಅದನ್ನೇ ಹೇಳಿದಾಗ ಸಾಬಣ್ಣ ಟವೆಲು ಹೆಗಲಿಗೆ ಹಾಕಿಕೊಂಡು ಹೋದ. ಅವನು ಯಾಕೆ ಜಗಳಾಡಲಿಲ್ಲ ಎಂಬುದೂ ನನಗೆ ಬಗೆಹರಿಯಲಿಲ್ಲ.

ಮೊನ್ನೆ ಗಂಜಿನಿಂದ ಬಂದ ಮರುದಿನ ಅರಕೇರಾದ ಬಸ್ಸು ಹತ್ತಿದೆ. ಸಾಬಣ್ಣ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ. “ಬರ್ರಿ ಸಣ್ಣ ಸಾವ್ಕಾರ್ರ,” ಎಂದ. ಕೂರುವ ಮೊದಲೇ ಕೊಡ ನೀರು ಸುರಿದ ಸಂಗತಿ ಹೇಳಿಬಿಟ್ಟೆ.

“ಅಯ್ಯ! ಚೀಲ ಒಣಗಿದ್ದು ನೋಡಿ, ನೀವು ಮರ್ತೀರಿ ಅಂತ ನಾನೂ ಒಂದು ಕೊಡ ತೀರ್ಥದ ನೀರು ಹಾಕಿದ್ನ್ರೀ. ತಪ್ಪು ನಂದ ಅಂತ ಸುಮ್ಮನ ಬಂದೆ.”

ಇಬ್ಬರೂ ನಕ್ಕೆವು. ಅರ್ಧ ಭಾರ ಇಳಿದಂತಾಗಿ ನಾನು ತುಸು ಜೋರಾಗಿಯೇ ನಕ್ಕೆ. ಅವನು ನಗು ನಿಲ್ಲಿಸಿದ.

“ಮತ್ತ ಇಬ್ರೂ ಹಾಕೀವಲ್ರೀ. ನಾ ಒಬ್ಬನ ಯಾಕ ಮನಿಗಿ ಬಂದೆ?”

“ಅಂಜಿದ್ದೆ, ಸಾಬಣ್ಣಾ,” ಎಂದೆ. ಇಷ್ಟು ವರ್ಷ ನಾನು ಗೊಂದಲ ಎಂದುಕೊಂಡಿದ್ದರ ನಿಜವಾದ ಹೆಸರು ಅಂಜಿಕೆ.