ಟೆಫ್ಲಾನ್ ಲೋಕಯ್ಯನ ಬಿಳಿ ಕೈ

ಬೈಕಂಪಾಡಿಯ ಲೇತ್ ಕೆಲಸಗಾರರಲ್ಲಿ ಲೋಕಯ್ಯನಿಗೆ ಸಮಾನರಿಲ್ಲ ಎಂದು ಮೊದಲು ಹೇಳಿದವನು ಲೋಕಯ್ಯನೇ. ಉಳಿದವರು ಆಮೇಲೆ ಒಪ್ಪಿಕೊಂಡರು. ಒಪ್ಪದೆ ಹೋದರೆ ಅವನು ಮಾತು ನಿಲ್ಲಿಸುತ್ತಿರಲಿಲ್ಲ ಎಂಬುದು ಒಂದು ಕಾರಣ. ಅವನ ಕೆಲಸ ನಿಜಕ್ಕೂ ಚೆನ್ನಾಗಿತ್ತು ಎಂಬುದು ಇನ್ನೊಂದು.

ಗದ್ದೆಗಳೆಲ್ಲ ಭೂಮಸೂದೆಯಲ್ಲಿ ಹೋದ ಮೇಲೆ ಮಹಾಬಲ ಶೆಟ್ಟರು ಎರಡು ಲೇತು ಕೊಂಡು, ಸಿಮೆಂಟ್ ಶೀಟಿನ ಮಾಡು ಹಾಕಿಸಿ, ಕಾರ್ಖಾನೆಗಳ ಪಂಪು ರಿಪೇರಿಗೆ ಕೂತಿದ್ದರು. ದೊಡ್ಡ ಲೇತು ಲೋಕಯ್ಯನದು. ಶೆಟ್ಟರು ಧಣಿ ಹೌದು, ಆದರೆ ಆ ಲೇತಿನ ಹ್ಯಾಂಡಲ್ ಮುಟ್ಟಬೇಕಾದರೆ ಅವರೂ ಕೇಳಿಯೇ ಮುಟ್ಟಬೇಕು.

ಇಂಥ ಶೂರನ ತಲೆಯ ಮೇಲೂ ಒಂದು ಸರ್ಕಾರ ಇತ್ತು. ಕೂಳೂರಿನ ಮನೆಯಲ್ಲಿ ಅವನ ಹೆಂಡತಿ ಹೇಮಾಕ್ಷಿ ಬೀಡಿ ಕಟ್ಟುತ್ತಿದ್ದಳು. ಮದುವೆಯಾದ ವಾರದಲ್ಲೇ ಅವಳೊಂದು ಕಾನೂನು ಹೊರಡಿಸಿದ್ದಳು: ಕಪ್ಪು ಕೈಯಲ್ಲಿ ಬೀಡಿ ಮುಟ್ಟಕೂಡದು. ಲೇತಿನವನ ಕೈ ಎಂದರೆ ಎಣ್ಣೆ, ಗ್ರೀಸು, ಕಬ್ಬಿಣದ ಹುಡಿ. ಅದು ಎಲೆಗೆ ತಾಗಿದರೆ ಬ್ರಾಂಚಿನಲ್ಲಿ ಇಡೀ ಕಟ್ಟು ರಿಜೆಕ್ಟ್. ಬ್ರಾಂಚ್ ಎಂದರೆ ಎಲೆ, ಹೊಗೆಸೊಪ್ಪು ಕೊಟ್ಟು, ಕಟ್ಟಿದ ಬೀಡಿ ವಾಪಸು ತೆಗೆದುಕೊಳ್ಳುವ ಅಂಗಡಿ. ಹದಿನೆಂಟು ವರ್ಷಗಳಲ್ಲಿ ಹೇಮಾಕ್ಷಿಯ ಒಂದೇ ಒಂದು ಕಟ್ಟು ಅಲ್ಲಿಂದ ಹಿಂದೆ ಬಂದಿರಲಿಲ್ಲ. ಬ್ರಾಂಚಿನ ಕಂಟ್ರಾಕ್ಟರ್ ತಾರಾನಾಥ, ಹೊಸದಾಗಿ ಸೇರಿದ ಹೆಂಗಸರಿಗೆ ಅವಳ ಬೀಡಿಯನ್ನು ಎತ್ತಿ ಹಿಡಿದು, "ನೋಡಿ, ಬೀಡಿ ಅಂದರೆ ಹೀಗೆ" ಎನ್ನುತ್ತಿದ್ದ. ಅವಳು ಬೇರೆ ಯಾವ ಹೊಗಳಿಕೆಗೂ ಬಗ್ಗುವವಳಲ್ಲ. ಅದೊಂದು ಮಾತಿಗೆ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಹೀಗಾಗಿ ಲೋಕಯ್ಯ, ಮನೆಯಿರಲಿ ವರ್ಕ್‌ಶಾಪ್ ಇರಲಿ, ಸೀಮೆಎಣ್ಣೆಯಲ್ಲಿ ಕೈಯುಜ್ಜಿ, ಬಾರ್ ಸೋಪಿನಲ್ಲಿ ತೊಳೆದು, ಆಮೇಲೆಯೇ ಅವಳು ತನಗೆಂದು ಕಟ್ಟಿಕೊಟ್ಟ ಬೀಡಿಯ ಕಟ್ಟಿಗೆ ಕೈ ಹಾಕುತ್ತಿದ್ದ. ಚಾ ಕುಡಿಯಲು ಸಿಗುವ ಹತ್ತು ನಿಮಿಷದಲ್ಲಿ ಆರು ನಿಮಿಷ ನಳ್ಳಿಯ ಬುಡದಲ್ಲೇ ಹೋಗುತ್ತಿತ್ತು.

ಎಪ್ಪತ್ತೊಂಬತ್ತನೇ ಇಸವಿಯ ಮಳೆಗಾಲ ಮುಗಿದಾಗ, ಶೆಟ್ಟರ ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ, ಹೊಸ ಬೆಡ್‌ಶೀಟ್ ಹೊದ್ದು ಮಲಗಿಕೊಂಡು ಒಂದು ಸರಳು ಬಂತು. ತೋಳಿನಷ್ಟು ದಪ್ಪ, ಹಾಲಿನಷ್ಟು ಬಿಳಿ. ಮುಟ್ಟಿದರೆ ಮೇಣದಂತೆ ನಯ. ಪ್ಲಾಸ್ಟಿಕ್ ತಾನೆ ಎಂದು ಒಂದೇ ಕೈಯಲ್ಲಿ ಎತ್ತಲು ಹೋದ ಲೋಕಯ್ಯನಿಗೆ ಎರಡೂ ಕೈ ಬೇಕಾಯಿತು. ಜೊತೆಗೆ ಬಂದವರು ಕಜೆಟನ್ ಎಂಬ ಎಂಜಿನಿಯರ್. ಅವರ ಕಾರ್ಖಾನೆಯ ಆಸಿಡ್ ಪಂಪುಗಳು ರಬ್ಬರ್ ರಿಂಗುಗಳನ್ನು ಚಕ್ಕುಲಿಯಂತೆ ತಿಂದು ಮುಗಿಸುತ್ತಿದ್ದವು.

"ಇದು ಟೆಫ್ಲಾನ್, ಲೋಕಯ್ಯ," ಎಂದರು ಕಜೆಟನ್. "ಆಸಿಡ್ ಇದನ್ನು ತಿನ್ನುವುದಿಲ್ಲ. ಇದು ನೀರು ಕುಡಿಯುವುದಿಲ್ಲ. ಎಂತದೂ ಇದಕ್ಕೆ ಅಂಟುವುದಿಲ್ಲ. ಎಣ್ಣೆ ಹಾಕದೆ ಜಾರ್ತದೆ. ಇನ್ನೂರ ಅರುವತ್ತು ಡಿಗ್ರಿವರೆಗೆ ಕಾಯಿಸಿದರೂ ಕ್ಯಾರೇ ಅನ್ನುವುದಿಲ್ಲ."

"ಒಳಗೆ ಎಂತ ಉಂಟು ಸರ್ ಅಂಥದ್ದು?"

"ಇಂಗಾಲದ ಸರಪಳಿ ಉಂಟು. ಅದರ ಸುತ್ತ ಸಂದು ಬಿಡದೆ ಫ್ಲೋರಿನ್ ಪರಮಾಣುಗಳು ಕಾವಲು ನಿಂತಿವೆ. ಯಾರನ್ನೂ ಒಳಗೆ ಬಿಡುವುದಿಲ್ಲ, ಯಾರ ಸಹವಾಸಕ್ಕೂ ಹೋಗುವುದಿಲ್ಲ."

"ಒಳ್ಳೆ ಗುತ್ತಿನ ಮನೆಯ ಹಾಗೆ," ಎಂದ ಲೋಕಯ್ಯ, ಶೆಟ್ಟರ ಕಡೆ ನೋಡದೆ. ಅಂಥದೇ ಒಂದು ದೊಡ್ಡ ಮನೆತನದಲ್ಲಿ ಹುಟ್ಟಿದ ಶೆಟ್ಟರು ಕೆಮ್ಮಿದರು.

ಮುಂದಿನ ಒಂದು ವಾರ ಮಹಾಯುದ್ಧ. ಕಬ್ಬಿಣ ನೇರ ಎದುರಾಳಿ; ಕಿರುಚುತ್ತದೆ, ಕಿಡಿ ಕಾರುತ್ತದೆ, ಕೊನೆಗೆ ಸೋಲುತ್ತದೆ. ಟೆಫ್ಲಾನ್ ಮೊದಲೇ ಸೋತವರಂತೆ ನಟಿಸಿ ಬೆನ್ನ ಹಿಂದೆ ಗೆಲ್ಲುವ ಜಾತಿ. ಬಿಗಿಯಾಗಿ ಹಿಡಿದರೆ ಅಪ್ಪಚ್ಚಿಯಾಗುತ್ತದೆ, ಸಡಿಲವಾಗಿ ಹಿಡಿದರೆ ಜಾರಿ ಶೆಟ್ಟರ ಮೇಜಿನ ಕಡೆ ಹಾರುತ್ತದೆ. ಕೆಲಸ ಮುಗಿಸಿ ಬಿಸಿಬಿಸಿಯಾಗಿ ಅಳೆದಾಗ ಸರಿಯಿದ್ದ ರಿಂಗು ಮರುದಿನ ಬೆಳಗ್ಗೆ ಸಣ್ಣದಾಗಿರುತ್ತದೆ, ಏಕೆಂದರೆ ಬಿಸಿಗೆ ಅದು ಉಕ್ಕಿನ ಹತ್ತು ಪಟ್ಟು ಹಿಗ್ಗುತ್ತದೆ. ಮೇಲೆ ಭಾರ ಇಟ್ಟು ಮರೆತರೆ, ಬೆಂಕಿಯ ಸೋಂಕೇ ಇಲ್ಲದೆ, ತಣ್ಣಗೆ ಹರಿದು ಆಕಾರ ಬಿಡುತ್ತದೆ. ಏಳು ರಿಂಗುಗಳು ರಣರಂಗದಲ್ಲಿ ಬಿದ್ದವು. ಎಂಟನೆಯದಕ್ಕೆ ಲೋಕಯ್ಯ ಗುಟ್ಟು ಹಿಡಿದ: ಟೂಲನ್ನು ಕ್ಷೌರದ ಕತ್ತಿಯಂತೆ ಮಸೆಯಬೇಕು, ಮಗುವಿನ ಕೈ ಹಿಡಿದಂತೆ ಹಿಡಿಯಬೇಕು, ಕೊನೆಯ ಅಳತೆಯನ್ನು ಬೆಳಗ್ಗೆಯೇ ತೆಗೆಯಬೇಕು. ಆ ಎಂಟನೆಯ ರಿಂಗು ಆಸಿಡ್ ಪಂಪಿನೊಳಗೆ ಎರಡು ತಿಂಗಳು ಕೂತು, ಹೋದ ಹಾಗೆಯೇ ಹೊರಗೆ ಬಂತು. ಅಂದಿನಿಂದ ಅವನು ಟೆಫ್ಲಾನ್ ಲೋಕಯ್ಯ.

ಬಿರುದಿಗಿಂತ ದೊಡ್ಡ ಸುಖ ಇನ್ನೊಂದಿತ್ತು. ಟೆಫ್ಲಾನ್ ಕೆಲಸದ ದಿನ ಕೈ ಕಪ್ಪಾಗುವುದೇ ಇಲ್ಲ. ಲೇತಿನಿಂದ ಶ್ಯಾವಿಗೆಯಂಥ ಬಿಳಿ ಎಳೆ ಇಳಿಯುತ್ತದೆ. ಮರಳುಕಾಗದದಲ್ಲಿ ನಯಮಾಡುವಾಗ ಅಕ್ಕಿಹಿಟ್ಟಿನಂಥ ಹುಡಿ ಏಳುತ್ತದೆ. ಎರಡು ಸಲ ಅಂಗೈ ತಟ್ಟಿದರೆ ಮುಗಿಯಿತು. ಎಂತದೂ ಅಂಟದ ವಸ್ತುವನ್ನು ತೊಳೆಯುವುದೆಂತದ್ದು? ಕಾನೂನು ಹೇಳಿದ್ದು ಕಪ್ಪು ಕೈಯ ಬಗ್ಗೆ. ಬಿಳಿ ಕೈಯ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ. ಚಾದ ಹತ್ತು ನಿಮಿಷವೂ ಪೂರ್ತಿ ಲೋಕಯ್ಯನದಾಯಿತು. ಅವನು ಕಾಲು ಚಾಚಿ ಕೂತು, ಒಂದು ಬೀಡಿಯ ಜಾಗದಲ್ಲಿ ಮೂರು ಸೇದತೊಡಗಿದ.

ಜ್ವರ ಶುರುವಾದದ್ದು ಆ ದಿನಗಳಲ್ಲೇ. ಸಂಜೆ ಮನೆಗೆ ಬಂದು ಕೂರುವಷ್ಟರಲ್ಲಿ ಎದೆ ಬಿಗಿಯುವುದು, ಬಾಯಿ ಒಣಗುವುದು, ಮತ್ತೆ ಹಲ್ಲು ಕಟಕಟ ಎನ್ನುವಷ್ಟು ಚಳಿ. ಮರುದಿನ ಮಧ್ಯಾಹ್ನಕ್ಕೆ ಏನೂ ಆಗದವನಂತೆ ಎದ್ದು ಊಟಕ್ಕೆ ಬಂಗುಡೆ ಮೀನು ಕೇಳುತ್ತಿದ್ದ. ಅತ್ತಾವರದ ಡಾಕ್ಟರು ಮಲೇರಿಯಾ ಎಂದು ರಕ್ತ ತೆಗೆದರು; ರಕ್ತದಲ್ಲಿ ಮಲೇರಿಯಾ ಇರಲಿಲ್ಲ. ಎರಡನೇ ಸಲವೂ ಇರಲಿಲ್ಲ. ಮೂರನೇ ಸಲ ಡಾಕ್ಟರು, "ಲೋಕಯ್ಯ, ನಿಮಗೆ ಕೆಲಸಕ್ಕೆ ಹೋಗಲು ಉದಾಸೀನವಾ?" ಎಂದು ಕೇಳಿದರು. ಟೆಫ್ಲಾನಿನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಆಸಿಡ್‌ಗೇ ಬಗ್ಗದ ಸಾತ್ವಿಕ ವಸ್ತು ಅದು. ಅದರ ಗುಣಗಾನವನ್ನು ದಿನಾ ಮಾಡುತ್ತಿದ್ದವನು ರೋಗಿಯೇ.

ಸಂಶಯ ಬೇರೆ ಕಡೆಗೆ ತಿರುಗಿದ್ದು ವೆಲ್ಡರ್ ಜಮಾಲುದ್ದೀನನಿಂದ. ಒಂದು ಮಂಗಳವಾರ ಅವನ ಬೀಡಿ ಮುಗಿದಿತ್ತು. ಲೋಕಯ್ಯ ಧಾರಾಳವಾಗಿ ತನ್ನ ಕಟ್ಟಿನಿಂದ ಎರಡು ಎಳೆದು, ಬೆರಳಲ್ಲಿ ಹೊರಳಿಸಿ ಮೆದುಮಾಡಿ ಕೊಟ್ಟ. ಗುರುವಾರ ಜಮಾಲುದ್ದೀನ್ ಮಫ್ಲರ್ ಸುತ್ತಿಕೊಂಡು ಬಂದ.

"ಲೋಕಯ್ಯಣ್ಣ, ನಿಮ್ಮ ಬೀಡಿ ಸೇದಿ ನನಗೆ ಮನೆಯಲ್ಲಿದ್ದ ಕಂಬಳಿಯೆಲ್ಲ ಸಾಕಾಗಲಿಲ್ಲ ಮಾರಾಯ್ರೆ. ಎಂತ ತುಂಬ್ತಾರೆ ಹೇಮಾಕ್ಷಿಯಕ್ಕ ಅದರಲ್ಲಿ? ನಿಮ್ಮ ಮೇಲಿನ ಸಿಟ್ಟಾ?"

ವರ್ಕ್‌ಶಾಪ್ ನಕ್ಕಿತು. ಆ ನಗೆ ಬಸ್ಸು ಹತ್ತಿ ಲೋಕಯ್ಯನಿಗಿಂತ ಮೊದಲೇ ಕೂಳೂರಿನಲ್ಲಿ ಇಳಿಯಿತು. ಶನಿವಾರ ಹೇಮಾಕ್ಷಿ ಬ್ರಾಂಚಿಗೆ ಹೋದಾಗ ತಾರಾನಾಥ ತಲೆಯೆತ್ತಲಿಲ್ಲ.

"ಹೇಮಾಕ್ಷಿಯಕ್ಕ, ನನಗೆ ನಿಮ್ಮ ಮೇಲೆ ಸಂಶಯ ಇಲ್ಲ. ಆದರೆ ನಿಮ್ಮ ಬೀಡಿ ಸೇದಿದ ಇಬ್ಬರಿಗೂ ಜ್ವರ ಅಂತ ಕಂಪೆನಿಯವರಿಗೆ ಗೊತ್ತಾದರೆ ಬ್ರಾಂಚೇ ಮುಚ್ಚಿಸ್ತಾರೆ. ಸಂಗತಿ ಎಂತ ಅಂತ ಗೊತ್ತಾಗುವವರೆಗೆ ಎಲೆ ಕೊಡ್ಲಿಕ್ಕೆ ಆಗುವುದಿಲ್ಲ. ನಿಮ್ಮ ಲೆಕ್ಕದ ಕಾರ್ಡ್ ಇಲ್ಲೇ ಇರ್ಲಿ."

ಸಾಲಿನಲ್ಲಿ ನಿಂತಿದ್ದ ಹೆಂಗಸರು ತಮ್ಮ ತಮ್ಮ ಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಹೇಮಾಕ್ಷಿ ಖಾಲಿ ಚೀಲ ಹಿಡಿದು ಮನೆಗೆ ಬಂದಳು. ಎಲೆ, ಹೊಗೆಸೊಪ್ಪು ಹರಡುವ ಗೆರಸೆಯನ್ನು ಗೋಡೆಗೆ ಕವುಚಿ ಒರಗಿಸಿದಳು. ಲೋಕಯ್ಯ ಒಂದು ತಮಾಷೆ ಮಾಡಲು ಬಾಯಿ ತೆರೆದು, ಗೆರಸೆಯನ್ನು ನೋಡಿ ಮುಚ್ಚಿದ. ಅವನ ಬಾಯಿ ಹಾಗೆ ತಾನಾಗಿ ಮುಚ್ಚಿದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಭಾನುವಾರ ಬೆಳಗ್ಗೆ ಅವಳು ಅದೇ ಎಲೆ, ಹೊಗೆಸೊಪ್ಪಿನಲ್ಲಿ ಕಟ್ಟಿ ಮನೆಯಲ್ಲೇ ಉಳಿದಿದ್ದ ಬೀಡಿಗಳನ್ನು ತಂದು ಜಗಲಿಯಲ್ಲಿ ಇಟ್ಟಳು.

"ಸೇದಿ."

"ಎಷ್ಟು?"

"ನಾನು ಸಾಕು ಅನ್ನುವವರೆಗೆ. ಮೊದಲು ಕೈ ತೊಳೆಯಿರಿ."

ಲೋಕಯ್ಯ ಜೀವನದಲ್ಲಿ ಮೊದಲ ಬಾರಿಗೆ ಹೆಂಡತಿಯ ಒತ್ತಾಯಕ್ಕೆ ಬೀಡಿ ಸೇದಿದ. ಹನ್ನೊಂದನೆಯದಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಸಂಜೆಯಾಯಿತು, ಮರುದಿನ ಬೆಳಗಾಯಿತು. ಜ್ವರ ಮಾತ್ರ ಬರಲಿಲ್ಲ.

"ನನ್ನ ಬೀಡಿ ಪಾಸಾಯಿತು," ಎಂದಳು ಹೇಮಾಕ್ಷಿ. "ಇನ್ನು ನಿಮ್ಮ ಪರೀಕ್ಷೆ."

ಮಂಗಳವಾರ ಹತ್ತು ಗಂಟೆಗೆ, ಕಪ್ಪು ಕೊಡೆ ಹಿಡಿದುಕೊಂಡು ಅವಳು ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದಳು. ಕಜೆಟನ್ ಸಿದ್ಧವಾದ ರಿಂಗುಗಳನ್ನು ಒಯ್ಯಲು ಬಂದು ಕೂತಿದ್ದರು. ಶೆಟ್ಟರು ಗಾಬರಿಯಾಗಿ ಎದ್ದರು.

"ಎಂತ ಹೇಮಾಕ್ಷಿ, ಇಷ್ಟು ದೂರ?"

"ಇವರು ಬೀಡಿ ಸೇದುವುದನ್ನು ನೋಡ್ಲಿಕ್ಕೆ ಬಂದದ್ದು ಶೆಟ್ರೆ."

ಒಬ್ಬ ಮನುಷ್ಯ ಬೀಡಿ ಹಚ್ಚುವುದನ್ನು ಅಷ್ಟು ಜನ ಅಷ್ಟು ಗಂಭೀರವಾಗಿ ನೋಡಿದ್ದು ಬೈಕಂಪಾಡಿಯಲ್ಲಿ ಅದೇ ಮೊದಲಿರಬೇಕು. ಲೋಕಯ್ಯ ಲೇತು ನಿಲ್ಲಿಸಿದ. ರಿಂಗಿನ ಮೇಲಿನ ಹುಡಿಯನ್ನು ಉಫ್ ಎಂದು ಊದಿದ. ಅಂಗೈಗಳನ್ನು ಎರಡು ಸಲ ತಟ್ಟಿದ. ಲೇತಿನ ತಲೆಯ ಮೇಲೆ, ಬಿಳಿ ಎಳೆಗಳ ನಡುವೆ ಬಿದ್ದುಕೊಂಡಿದ್ದ ಕಟ್ಟಿನಿಂದ ಒಂದು ಬೀಡಿ ಎಳೆದು, ಅದರ ತಲೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಪ್ರೀತಿಯಿಂದ ಹೊರಳಿಸಿದ.

"ಕೈ ತೊಳೆಯಲಿಲ್ಲ ನೀವು," ಎಂದಳು ಹೇಮಾಕ್ಷಿ.

"ತೊಳೀಲಿಕ್ಕೆ ಎಂತ ಉಂಟು ಮಾರಾಯ್ತಿ? ನೋಡು, ಬೆಳ್ಳಗೆ ಉಂಟಲ್ಲ. ಇದು ಅಂಟುವ ಸಾಮಾನಲ್ಲ."

ಹೇಮಾಕ್ಷಿ ಅವನ ಮಣಿಕಟ್ಟು ಹಿಡಿದು, ಅಂಗೈಯನ್ನು ತನ್ನ ಕೊಡೆಯ ಕಪ್ಪು ಬಟ್ಟೆಯ ಮೇಲೆ ಒತ್ತಿದಳು. ಕೈ ತೆಗೆದಾಗ ಕೊಡೆಯ ಮೇಲೆ ಐದು ಬೆರಳೂ ರಂಗೋಲಿ ಹಾಕಿದಷ್ಟು ಸ್ಪಷ್ಟವಾಗಿ ಮೂಡಿದ್ದವು. ಬೀಡಿಯನ್ನೂ ಕಿತ್ತುಕೊಂಡು ಪಕ್ಕದಲ್ಲಿ ಉಜ್ಜಿದಳು. ಅದೂ ಒಂದು ಬಿಳಿ ಗೆರೆ ಎಳೆಯಿತು.

ಮತ್ತೆ ಅವಳು ಕಜೆಟನ್ ಕಡೆಗೆ ತಿರುಗಿದಳು. "ಸರ್, ಇದು ಇನ್ನೂರ ಅರುವತ್ತು ಡಿಗ್ರಿ ತಡೀತದೆ ಅಂತ ಇವರು ಮನೆಯಲ್ಲಿ ದಿನಾ ಹರಿಕಥೆ ಮಾಡ್ತಾರೆ. ಬೀಡಿಯ ಕೆಂಡ ಎಷ್ಟು ಡಿಗ್ರಿ?"

ಕಜೆಟನ್ ಬಗ್ಗಿ ಕೊಡೆಯ ಮೇಲಿನ ಬಿಳಿ ಗೆರೆಯನ್ನು ನೋಡಿದರು. "ಏಳುನೂರು... ಎಳೆಯುವಾಗ ಇನ್ನೂ ಹೆಚ್ಚು," ಎಂದರು ಮೆಲ್ಲಗೆ. "ಶೆಟ್ರೆ, ಸರಳಿನ ಜೊತೆ ಒಂದು ಪುಸ್ತಿಕೆ ಬಂದಿತ್ತಲ್ಲ?"

ಪುಸ್ತಿಕೆ ಶೆಟ್ಟರ ಮೇಜಿನ ಡ್ರಾಯರಿನಲ್ಲಿತ್ತು, ವೀಳ್ಯದೆಲೆಯ ಅಡಿಗೆ ಹಾಸಾಗಿ. ಸುಣ್ಣದ ಕಲೆಯನ್ನು ಕೆರೆದು ಕಜೆಟನ್ ಕೊನೆಯ ಪುಟದ ಇರುವೆಯಂಥ ಅಕ್ಷರಗಳನ್ನು ಓದಿದರು. ಈ ವಸ್ತುವಿನ ಕೆಲಸ ಮಾಡುವ ಜಾಗದಲ್ಲಿ ಸೇದಬಾರದು. ಹುಡಿ ತಾಗಿದ ಕೈಯಲ್ಲಿ ಬೀಡಿ, ಸಿಗರೇಟು ಮುಟ್ಟಬಾರದು. ಸುಟ್ಟರೆ ಬರುವ ಹೊಗೆಯಿಂದ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ.

"ಕಾವಲು ನಿಂತವರು ಅಷ್ಟು ಬಿಸಿಗೆ ಚದುರಿ ಓಡ್ತಾರೆ ಲೋಕಯ್ಯ," ಎಂದರು ಅವರು. "ಓಡಿ ನಿಮ್ಮ ಎದೆಯೊಳಗೆ ಹೋಗ್ತಾರೆ. ಇದನ್ನು ನಾನೂ ಓದಿರಲಿಲ್ಲ."

ಜಮಾಲುದ್ದೀನ್ ತನ್ನ ಕೈಗಳನ್ನು ನೋಡಿಕೊಂಡ. ನಳ್ಳಿಯ ಕಡೆ ಮೊದಲು ಓಡಿದವನು ಅವನೇ.

ಲೋಕಯ್ಯ ಮಾತ್ರ ಕೊಡೆಯ ಮೇಲಿನ ಐದು ಬೆರಳುಗಳನ್ನೇ ನೋಡುತ್ತಾ ನಿಂತಿದ್ದ. ಕಬ್ಬಿಣ ಇಪ್ಪತ್ತು ವರ್ಷ ಅವನ ಕೈಯನ್ನು ಮಸಿ ಮಾಡಿತ್ತು, ಆದರೆ ಮಾಡಿದ್ದನ್ನು ಮುಚ್ಚಿಟ್ಟಿರಲಿಲ್ಲ. ಈ ಬಿಳಿಯದರ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದೆ ತೆಗೆದವನಿಗೆ ತನ್ನದೇ ಅಂಗೈ ಕಾಣಿಸಿರಲಿಲ್ಲ. ಅದಕ್ಕೆ ದಂಡ ತೆತ್ತವಳು, ಆ ಸರಳನ್ನು ಒಮ್ಮೆಯೂ ಮುಟ್ಟದವಳು.

"ಸರ್," ಎಂದ ಅವನು ಕೊನೆಗೆ, "ಬ್ರಾಂಚಿಗೆ ಕೊಡ್ಲಿಕ್ಕೆ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಕೊಡಿ."

"ಕಾಗದ ಬೇಡ," ಎಂದಳು ಹೇಮಾಕ್ಷಿ. "ಬೈಕಂಪಾಡಿಗೆಲ್ಲ ಕೇಳುವ ಬಾಯಿ ಉಂಟಲ್ಲ ನಿಮಗೆ. ಅದು ಸಾಕು."

ಸಂಜೆ ಲೋಕಯ್ಯ ಬ್ರಾಂಚಿನ ಎದುರು, ಹೆಂಗಸರ ಸಾಲಿನ ಪಕ್ಕದಲ್ಲಿ ನಿಂತ. ಅಂಥ ಸಭೆಯಲ್ಲಿ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಮೂರು ಸಲ ಗಂಟಲು ಸರಿಮಾಡಿಕೊಂಡ. ಟೆಫ್ಲಾನಿನ ಹುಟ್ಟು, ಗುಣ, ಪರಾಕ್ರಮಗಳಿಂದ ಶುರುಮಾಡುವ ಆಸೆ ಅವನ ಮುಖದಲ್ಲಿ ಬಂದು ಹೋದದ್ದು ಎಲ್ಲರಿಗೂ ಕಂಡಿತು.

"ತಾರಾನಾಥಣ್ಣ, ಬೀಡಿಯಲ್ಲಿ ದೋಷ ಇಲ್ಲ. ಅದನ್ನು ಮುಟ್ಟುವ ಮೊದಲು ಕೈ ತೊಳೆಯದವನು ನಾನು. ಅವಳು ಹದಿನೆಂಟು ವರ್ಷದಿಂದ ತೊಳೆಯಿರಿ ಅಂತಲೇ ಹೇಳಿದ್ದು. ಟೆಫ್ಲಾನ್ ನನಗೆ ಗೊತ್ತುಂಟು ಅಂತ ನಾನು ಹೇಳಿಕೊಂಡು ತಿರುಗಿದ್ದು. ಗೊತ್ತಿರಲಿಲ್ಲ."

ಯಾರೋ ಹಿಂದಿನಿಂದ, "ಇನ್ನು ಸೋಪು ಲೋಕಯ್ಯ ಅಂತ ಕರೆಯುವಾ," ಎಂದರು. ಸಾಲು ನಕ್ಕಿತು. ತಾರಾನಾಥ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಹೇಮಾಕ್ಷಿಗೆ ಕೊಟ್ಟ. ಅವಳು ಸೆರಗು ಸರಿಮಾಡಿಕೊಂಡು, ಬೇಗ ಎಲೆ ತೂಗಿ ಎಂದಳು.

ಪ್ರಾಯಶ್ಚಿತ್ತವೆಂದು ಲೋಕಯ್ಯ ಒಂದು ಉಡುಗೊರೆ ತಯಾರಿಸಿದ. ಬೀಡಿ ಎಲೆ ಕತ್ತರಿಸಲು ಅಳತೆಗೆ ಇಡುವ ತಗಡು ಇರುತ್ತದಲ್ಲ, ಅದನ್ನು ಉಳಿಕೆ ಟೆಫ್ಲಾನ್ ತುಂಡಿನಲ್ಲಿ ಮಾಡಿದ. ಒದ್ದೆ ಎಲೆ ಅದಕ್ಕೆ ಅಂಟುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಅಂಚು ಬೆರಳಿಗೆ ತಾಗುವುದಿಲ್ಲ. ನಾಲ್ಕು ದಿನ ಬೆಳಗ್ಗೆ ಅಳೆದು, ಹದಿನಾಲ್ಕು ಸಲ ತೊಳೆದು, ಕಾಗದದಲ್ಲಿ ಸುತ್ತಿ ಕೊಟ್ಟ. ಹೇಮಾಕ್ಷಿ ಅದನ್ನು ಎರಡು ಬೆರಳ ತುದಿಯಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು.

"ಚಂದ ಉಂಟು," ಎಂದಳು. "ನನ್ನ ಗೆರಸೆಯ ಹತ್ತಿರ ಇದು ಬರುವುದು ಬೇಡ."

ಆದರೂ ಎಸೆಯಲಿಲ್ಲ. ಅದರ ಮೂಲೆಗೊಂದು ತೂತು ಮಾಡಿಸಿ, ಬಚ್ಚಲಿನ ನಳ್ಳಿಯ ಮೇಲೆ ಮೊಳೆಗೆ ನೇತುಹಾಕಿದಳು. ಎಂಬತ್ತೆಂಟನೇ ಇಸವಿಯಲ್ಲಿ ಲೋಕಯ್ಯನ ಕಣ್ಣು ಮಂಜಾಗಿ ಅವನು ಲೇತು ಬಿಡುವವರೆಗೂ, ಪ್ರತಿ ಸಂಜೆ ಅವನು ಅದರ ಎದುರು ನಿಂತು, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದ. ಗೋಡೆಗೆ ಪಾಚಿ ಹಿಡಿಯಿತು, ಮೊಳೆಗೆ ತುಕ್ಕು ಹಿಡಿಯಿತು, ನಳ್ಳಿಯನ್ನು ಎರಡು ಸಲ ಬದಲಿಸಬೇಕಾಯಿತು. ಆ ತುಂಡು ಮಾತ್ರ ತಂದ ದಿನದ ಹಾಗೆಯೇ ಬೆಳ್ಳಗಿತ್ತು. ಲೋಕಯ್ಯ ಅದನ್ನೊಮ್ಮೆ ನೋಡಿ, ತನ್ನ ಕೈಯನ್ನೊಮ್ಮೆ ನೋಡಿ, ಮತ್ತೆ ಸೋಪು ತೆಗೆದುಕೊಳ್ಳುತ್ತಿದ್ದ.